ಓದುಗರ ಪ್ರಶ್ನೆ: ಮೊಣಕಾಲು ಕೈಕೊಟ್ಟ ಮೇಲೆ ಗ್ರೇಂಜ್

ಪ್ರಶ್ನೆ: ಊರಿನ ಹುಡುಗರಿಗೆ ಕಬಡ್ಡಿ ಹೇಳಿಕೊಡುತ್ತೇನೆ. ಅಮೆರಿಕನ್ ಫುಟ್‌ಬಾಲ್‌ನ ರೆಡ್ ಗ್ರೇಂಜ್ 1927ರಲ್ಲೇ ಮೊಣಕಾಲು ಕೆಡಿಸಿಕೊಂಡರಂತೆ. ಆಮೇಲೂ 1934ರವರೆಗೆ ಆಡಿದ್ದು ಹೇಗೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕೆಲಸ ಬದಲಾಯಿಸಿಕೊಂಡು. ಗ್ರೇಂಜ್ ಹಾಫ್‌ಬ್ಯಾಕ್, ಅಂದರೆ ಚೆಂಡು ಬಗಲಲ್ಲಿಟ್ಟು ಓಡುವವರು. 1924ರ ಅಕ್ಟೋಬರ್ 18ರಂದು ಇಲಿನಾಯ್ ವಿಶ್ವವಿದ್ಯಾಲಯದ ಪರ ಆಡುತ್ತ, ಮಿಷಿಗನ್ ವಿರುದ್ಧ ಮೊದಲ 12 ನಿಮಿಷದಲ್ಲೇ ನಾಲ್ಕು ಸಲ ಕೊನೆಗೆರೆ ದಾಟಿದ್ದರು: 95, 67, 56, 44 ಗಜ. ಬರೀ ವೇಗಕ್ಕೆ ಇದು ದಕ್ಕುವುದಿಲ್ಲ. ಹೊರಗಾಲು ಊರಿ, ಮೈಯನ್ನು ಒಳಕ್ಕೆ ಹೊರಳಿಸುವ ‘ಕಟ್’ ಅವರ ಬಂಡವಾಳ. 1925ರ ನವೆಂಬರ್‌ನಲ್ಲಿ ಷಿಕಾಗೊ ಬೇರ್ಸ್ ಸೇರಿ ವೃತ್ತಿಗಿಳಿದರು, ಮರುವರ್ಷ ನ್ಯೂಯಾರ್ಕ್ ಯಾಂಕೀಸ್.

1927ರಲ್ಲಿ ಹಳೆಯ ತಂಡ ಬೇರ್ಸ್ ವಿರುದ್ಧವೇ ಕಾಲು ಹೋಯಿತು. ಮಳೆಗಾಲದಲ್ಲಿ ನಮ್ಮ ಕೆಮ್ಮಣ್ಣಿನ ಮೈದಾನದಲ್ಲಿ ಸ್ಟಡ್ ಶೂ ಹಾಕಿ ಆಡಿದವರಿಗೆ ಇದು ಗೊತ್ತು: ಪಾದ ಹೂತು ನಿಂತು, ಮೇಲೆ ತೊಡೆ ತಿರುಗಿದರೆ ತಿರುಚೆಲ್ಲ ಮೊಣಕಾಲಿಗೇ. ಗ್ರೇಂಜ್ ಅವರ ಸ್ಟಡ್ಡೂ ನೆಲ ಕಚ್ಚಿತು. ಮೇಲೆ ಎದುರಾಳಿ ಬಿದ್ದ. 1928 ಪೂರ್ತಿ ಮೈದಾನದಿಂದ ಹೊರಗೆ. 1929ರಲ್ಲಿ ಬೇರ್ಸ್‌ಗೆ ಮರಳಿದಾಗ ನೇರ ಓಟ ಉಳಿದಿತ್ತು, ಕಟ್ ಇರಲಿಲ್ಲ.

ಆಗ ದಾಳಿಗೂ ರಕ್ಷಣೆಗೂ ಅದೇ ಹನ್ನೊಂದು ಮಂದಿ. ಹಾಗಾಗಿ ಎದುರಾಳಿಯನ್ನು ಹಿಡಿದು ಕೆಡವುವ ಕೆಲಸದಲ್ಲಿ ಅವರು ಬದುಕಿಕೊಂಡರು. ನನ್ನ ಲೆಕ್ಕದಲ್ಲಿ ಓಟದಷ್ಟೇ ದೊಡ್ಡದು 1933ರ ಡಿಸೆಂಬರ್ 17ರ ಫೈನಲ್‌ನ ಹಿಡಿತ. ಬೇರ್ಸ್ 23, ನ್ಯೂಯಾರ್ಕ್ ಜೈಂಟ್ಸ್ 21, ಪಂದ್ಯದ ಕೊನೆಯ ದಾಳಿ. ಜೈಂಟ್ಸ್‌ನ ಬ್ಯಾಡ್‌ಗ್ರೊ ಕೈಯಲ್ಲಿ ಚೆಂಡು, ಪಕ್ಕದಲ್ಲಿ ಅದೇ ತಂಡದ ಮೆಲ್ ಹೈನ್ ಓಡಿ ಬರುತ್ತಿದ್ದಾರೆ, ಎದುರಿಗೆ ಗ್ರೇಂಜ್ ಒಬ್ಬರೇ. ನಿಮ್ಮ ಹುಡುಗರು ಅಭ್ಯಾಸಬಲದಿಂದ ಕಾಲಿಗೇ ಬೀಳುತ್ತಿದ್ದರು. ಕಬಡ್ಡಿಯಲ್ಲಿ ಅದು ಸರಿ, ರೈಡರ್ ತನ್ನ ಉಸಿರನ್ನು ಇನ್ನೊಬ್ಬನಿಗೆ ದಾಟಿಸಲಾರ. ಇಲ್ಲಿ ಕಾಲು ಹಿಡಿದರೆ ಕೈ ಖಾಲಿ ಉಳಿಯುತ್ತದೆ, ಬೀಳುತ್ತಲೇ ಚೆಂಡು ಹೈನ್ ಕೈಗೆ. ಗ್ರೇಂಜ್ ಎದೆಮಟ್ಟದಲ್ಲಿ ತಬ್ಬಿ, ತೋಳು ಚೆಂಡು ಎರಡನ್ನೂ ಅದುಮಿಕೊಂಡೇ ಕೆಡವಿದರು. ಪಂದ್ಯ ಮುಗಿಯಿತು.

ಪ್ರಶ್ನೆ: ವೃತ್ತಿಯಲ್ಲಿ ಗ್ರೇಂಜ್ ಒಟ್ಟು ಎಷ್ಟು ಗಜ ಓಡಿದರು?
– ಓದುಗರೊಬ್ಬರು, ಸಾಗರ

ಉತ್ತರ: ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಅಧಿಕೃತವಾಗಿ ಲೆಕ್ಕ ಇಡತೊಡಗಿದ್ದೇ 1932ರಲ್ಲಿ. ಅವರ ಒಳ್ಳೆಯ ಓಟಗಳು ಅಷ್ಟರಲ್ಲಿ ಮುಗಿದಿದ್ದವು. ಪುಸ್ತಕದಲ್ಲಿ ಸಿಗುವ ಒಟ್ಟು ಅಂಕಿ ಹಿಡಿದು ಅವರನ್ನು ಇಂದಿನವರ ಪಕ್ಕ ಅಳೆಯಬೇಡಿ.