ಓದುಗರ ಪ್ರಶ್ನೆ: ಫ್ಲೋ-ಜೋ ಮತ್ತು ಆ 10.49 ಸೆಕೆಂಡ್

ಪ್ರಶ್ನೆ: ಮಹಿಳೆಯರ 100 ಮೀಟರ್ ಓಟದ ವಿಶ್ವದಾಖಲೆ 1988ರದ್ದು ಅಂತ ಓದಿದೆ. ಇಷ್ಟು ವರ್ಷ ಆದರೂ ಯಾರೂ ಮುರಿದಿಲ್ಲವಾ?

ಉತ್ತರ: ಯಾರೂ ಮುರಿದಿಲ್ಲ. ಅಮೆರಿಕದ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 1988ರ ಜುಲೈ 16ರಂದು ಇಂಡಿಯಾನಾಪೊಲಿಸ್‌ನಲ್ಲಿ 10.49 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಫ್ಲೋ-ಜೋ ಅಂತ. ಅದೇನು ಒಲಿಂಪಿಕ್ಸ್ ಫೈನಲ್ ಅಲ್ಲ, ತಂಡ ಆರಿಸುವ ಟ್ರಯಲ್ಸ್‌ನ ಕ್ವಾರ್ಟರ್ ಫೈನಲ್ ಅಷ್ಟೇ. ಅದಕ್ಕೆ ಮುಂಚಿನ ದಾಖಲೆ ಅವರ ದೇಶದ ಎವೆಲಿನ್ ಆಶ್‌ಫರ್ಡ್ ಅವರದ್ದು, 10.76. ಅಂದರೆ ಒಂದೇ ಏಟಿಗೆ 0.27 ಸೆಕೆಂಡ್ ಕಡಿಮೆ! ಈ ಓಟದಲ್ಲಿ ದಾಖಲೆ ಸಾಮಾನ್ಯವಾಗಿ ಸೆಕೆಂಡಿನ ನೂರರಲ್ಲಿ ಕೆಲವೇ ಭಾಗ ಇಳಿಯುತ್ತದೆ.

200 ಮೀಟರ್ ದಾಖಲೆಯೂ ಅವರದ್ದೇ, 21.34. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಸೋಲ್ ಒಲಿಂಪಿಕ್ಸ್‌ನಲ್ಲಿ ಓಡಿದ್ದು. ನನ್ನನ್ನು ಕೇಳಿದರೆ ಜಾಸ್ತಿ ಮಾತಾಡಬೇಕಾದ್ದು ಇದರ ಬಗ್ಗೆ. ಆದರೆ ಜನ ಕೇಳುವುದು 10.49 ಬಗ್ಗೆಯೇ. ಮುಂದಿನ ಪತ್ರವೂ ಅದೇ.

ಪ್ರಶ್ನೆ: ಆ ದಿನ ಗಾಳಿ ಅಳೆಯುವ ಯಂತ್ರ ಕೆಟ್ಟಿತ್ತಂತೆ. ಹಾಗಾದರೆ ದಾಖಲೆ ರದ್ದು ಮಾಡಬೇಕಿತ್ತು ಅಲ್ವಾ?

ಉತ್ತರ: ಮೊದಲು ನಿಯಮ ಹೇಳಿಬಿಡುತ್ತೇನೆ. ಬೆನ್ನ ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ಗೆಲುವು ಲೆಕ್ಕಕ್ಕೆ ಬರುತ್ತದೆ, ದಾಖಲೆ ಬರುವುದಿಲ್ಲ. ಅದನ್ನು ಅಳೆಯಲು ಟ್ರ್ಯಾಕ್ ಪಕ್ಕದಲ್ಲಿ ಒಂದು ಮೀಟರ್ ಇಟ್ಟಿರುತ್ತಾರೆ.

ಆ ದಿನ ಗಾಳಿ ಚೆನ್ನಾಗಿಯೇ ಇತ್ತು. ಮೊದಲ ಸುತ್ತಿನಲ್ಲಿ ಫ್ಲೋ-ಜೋ 10.60 ಓಡಿದಾಗ ಮೀಟರ್ 3.2 ತೋರಿಸಿತ್ತು, ಹಾಗಾಗಿ ಅದು ದಾಖಲೆ ಆಗಲಿಲ್ಲ. ಕ್ವಾರ್ಟರ್ ಫೈನಲ್ ಹೊತ್ತಿಗೆ ಅದೇ ಮೀಟರ್ ತೋರಿಸಿದ್ದು 0.0. ಗಾಳಿ ಒಂಚೂರೂ ಇಲ್ಲ ಅಂತ! ಪಕ್ಕದಲ್ಲೇ ಟ್ರಿಪಲ್ ಜಂಪ್ ನಡೆಯುತ್ತಿತ್ತು, ಅಲ್ಲಿನ ಮೀಟರ್ ಅದೇ ಹೊತ್ತಿಗೆ 4.3 ತೋರಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಕ್ವಾರ್ಟರ್ ಫೈನಲ್‌ನಲ್ಲಿ 5.0 ಬಂತು. ಯಂತ್ರ ಪರೀಕ್ಷಿಸಿದವರು ದೋಷ ಇಲ್ಲ ಅಂದರು, ದಾಖಲೆ ಪಾಸಾಯಿತು. ಮುಂದೆ 1995ರಲ್ಲಿ ನಿಕೋಲಸ್ ಲಿಂಥಾರ್ನ್ ಎಂಬ ವಿಜ್ಞಾನಿ ಲೆಕ್ಕ ಹಾಕಿ ನೋಡಿದರು. ನಿಜವಾದ ಗಾಳಿ ಸೆಕೆಂಡಿಗೆ 5ರಿಂದ 7 ಮೀಟರ್ ಇದ್ದಿರಬೇಕು ಅಂದರು. ಅಥ್ಲೆಟಿಕ್ಸ್ ಅಂಕಿಅಂಶ ಬರೆದಿಡುವವರೂ 1997ರಿಂದ ತಮ್ಮ ವಾರ್ಷಿಕ ಪುಸ್ತಕದಲ್ಲಿ ಈ ಓಟದ ಪಕ್ಕ 'ಬಹುಶಃ ಗಾಳಿಯ ನೆರವು ಜೋರಾಗಿತ್ತು' ಎಂಬರ್ಥದ ಟಿಪ್ಪಣಿ ಹಾಕುತ್ತಾ ಬಂದಿದ್ದಾರೆ. ದಾಖಲೆ ಮಾತ್ರ ಹಾಗೇ ಉಳಿದಿದೆ.

ನನ್ನ ಮಟ್ಟಿಗೆ 10.49 ಗಾಳಿಯ ಓಟವೇ. ಆದರೆ ಇಲ್ಲಿಗೆ ಮಾತು ನಿಲ್ಲಿಸುವವರು ಮರುದಿನದ ಕಥೆ ಮರೆಯುತ್ತಾರೆ. ಫೈನಲ್‌ನಲ್ಲಿ ಗಾಳಿ 1.2, ನಿಯಮದ ಒಳಗೇ ಇತ್ತು, ಆಗ ಅವರು ಓಡಿದ್ದು 10.61. 10.49 ಅನ್ನು ಪುಸ್ತಕದಿಂದ ಕಿತ್ತುಹಾಕಿದರೂ ಈ 10.61 ಇದೆ, ಅದಕ್ಕಿಂತ ಜೋರಾಗಿ ಓಡಲು ಜಗತ್ತಿಗೆ 2021ರವರೆಗೆ ಆಗಲಿಲ್ಲ. ಯಂತ್ರ ಸರಿಯಿದ್ದಿದ್ದರೂ ಆ ವಾರ ದಾಖಲೆ ಅವರದ್ದೇ ಆಗುತ್ತಿತ್ತು.

ಪ್ರಶ್ನೆ: ಗಾಳಿ ಬಿಡಿ ಸಾರ್, ಉದ್ದೀಪನ ಮದ್ದು ತಗೊಂಡೇ ಓಡಿದ್ದು ಅಂತ ಎಲ್ಲರೂ ಹೇಳುತ್ತಾರಲ್ಲ?

ಉತ್ತರ: ಹೇಳುತ್ತಾರೆ. ಅನುಮಾನಕ್ಕೆ ಕಾರಣಗಳೂ ಇವೆ. 1987ರವರೆಗೆ ಅವರ ಒಳ್ಳೆಯ ಸಮಯ 100 ಮೀಟರ್‌ಗೆ 10.96, 200 ಮೀಟರ್‌ಗೆ 21.96. ಆಗಲೇ 27 ವಯಸ್ಸು. ಮರುವರ್ಷ ಈ ಪರಿ ಜಿಗಿತ. ಅದೇ ಸೋಲ್‌ನಲ್ಲಿ ಕೆನಡಾದ ಓಟಗಾರ ಬೆನ್ ಜಾನ್ಸನ್ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದರು, ಎಲ್ಲರ ಮೇಲೂ ಕಣ್ಣು. 1989ರ ಫೆಬ್ರವರಿಯಲ್ಲಿ, ಹೆಸರು ಉತ್ತುಂಗದಲ್ಲಿದ್ದಾಗಲೇ ಅವರು ನಿವೃತ್ತಿ ಘೋಷಿಸಿಬಿಟ್ಟರು. ಅದೇ ವರ್ಷ ಅವರದೇ ದೇಶದ ಒಬ್ಬ ಓಟಗಾರ ನೇರ ಆರೋಪ ಮಾಡಿದರು, ಇವರು ಖಡಾಖಂಡಿತ ಅಲ್ಲಗಳೆದರು.

ಇನ್ನೊಂದು ಕಡೆ, ಅವರು ಒಂದು ಪರೀಕ್ಷೆಯಲ್ಲೂ ಸಿಕ್ಕಿಬಿದ್ದಿಲ್ಲ. ರೋಮ್‌ನ 1987ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 200 ಮೀಟರ್ ಬೆಳ್ಳಿಗೆ ತೃಪ್ತಿಪಟ್ಟ ಮೇಲೆ ಅವರು ಭಾರ ಎತ್ತುವ ವ್ಯಾಯಾಮ ಹೆಚ್ಚಿಸಿದರು, ಸ್ಟಾರ್ಟ್ ತಿದ್ದಿಕೊಂಡರು. ಇಷ್ಟೇ ಸಾಕಾ ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಆದರೆ ಅನುಮಾನವನ್ನು ತೀರ್ಪು ಅಂತ ಬರೆಯಲು ನಾನು ತಯಾರಿಲ್ಲ.

ಪ್ರಶ್ನೆ: ಅವರ ಬಾಲ್ಯ, ಓದು, ಮನೆ ಬಗ್ಗೆ ಸ್ವಲ್ಪ ಹೇಳಿ. ಶ್ರೀಮಂತ ಮನೆಯವರಾ?

ಉತ್ತರ: ಅಯ್ಯೋ, ಇಲ್ಲ. 1959ರ ಡಿಸೆಂಬರ್ 21ರಂದು ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದರು. ಹನ್ನೊಂದು ಮಕ್ಕಳಲ್ಲಿ ಏಳನೆಯವರು. ತಾಯಿ ಬಟ್ಟೆ ಹೊಲಿಯುತ್ತಿದ್ದರು, ಮನೆ ಇದ್ದದ್ದು ವಾಟ್ಸ್ ಎಂಬ ಬಡವರ ಕೇರಿಯಲ್ಲಿ, ಸರ್ಕಾರಿ ವಸತಿ ಸಮುಚ್ಚಯದಲ್ಲಿ. ಕಾಲೇಜಿಗೆ ಸೇರಿದವರು ಮನೆ ನಡೆಸಲು ಓದು ಬಿಟ್ಟು ಬ್ಯಾಂಕಿನಲ್ಲಿ ಟೆಲ್ಲರ್ ಆದರು. ಕೋಚ್ ಬಾಬ್ ಕರ್ಸಿ ಓಡಾಡಿ ಹಣದ ನೆರವು ಹುಡುಕಿಕೊಟ್ಟಿದ್ದರಿಂದ ಮತ್ತೆ ಕಾಲೇಜು, ಮತ್ತೆ ಟ್ರ್ಯಾಕ್. ಆ ಕರ್ಸಿ ಇಲ್ಲದಿದ್ದರೆ ಈ ಹೆಸರೇ ನಮಗೆ ಗೊತ್ತಿರುತ್ತಿರಲಿಲ್ಲವೇನೋ.

1984ರಲ್ಲಿ ತಮ್ಮದೇ ಊರಿನ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಬೆಳ್ಳಿ ಗೆದ್ದರು. (ನಮ್ಮ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡದ್ದೂ ಅದೇ ಕೂಟದಲ್ಲಿ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.) ಬೆಳ್ಳಿ ಗೆದ್ದ ಮೇಲೂ ಬ್ಯಾಂಕ್ ಕೆಲಸ, ಅದರ ಜೊತೆ ಬೇರೆಯವರಿಗೆ ಜಡೆ ಹೆಣೆಯುವುದು, ಉಗುರು ಅಲಂಕಾರ ಮಾಡುವುದು. 1987ರಲ್ಲಿ ಆಲ್ ಜಾಯ್ನರ್ ಜೊತೆ ಮದುವೆ. ಆತ 1984ರ ಟ್ರಿಪಲ್ ಜಂಪ್ ಚಿನ್ನದ ಪದಕದವರು, ಹೆಪ್ಟಾಥ್ಲಾನ್‌ನ (ಏಳು ಸ್ಪರ್ಧೆಗಳ ಕೂಟ) ದಿಗ್ಗಜೆ ಜಾಕಿ ಜಾಯ್ನರ್ ಕರ್ಸಿಯ ಅಣ್ಣ. ಟ್ರಯಲ್ಸ್ ಮುಗಿದ ಮೇಲೆ ಫ್ಲೋ-ಜೋ ಕರ್ಸಿಯವರನ್ನು ಬಿಟ್ಟು ಗಂಡನನ್ನೇ ಕೋಚ್ ಮಾಡಿಕೊಂಡರು. ಜಾಕಿಯ ಗಂಡ ಅದೇ ಕರ್ಸಿ, ಹಾಗಾಗಿ ಮನೆಯೊಳಗೆ ಏನೇನು ಮಾತಾಯಿತೋ ನೀವೇ ಊಹಿಸಿಕೊಳ್ಳಿ.

ಪ್ರಶ್ನೆ: ಉದ್ದ ಉಗುರು, ಒಂದೇ ಕಾಲು ಮುಚ್ಚುವ ಉಡುಪು... ಇದೆಲ್ಲ ಸುಮ್ನೆ ಪ್ರಚಾರಕ್ಕಾ?

ಉತ್ತರ: ಆಕೆಗೆ ಅದು ಇಷ್ಟವಿತ್ತು. ಹೊಲಿಗೆ ಬರುತ್ತಿತ್ತು, ತಮ್ಮ ಉಡುಪು ತಾವೇ ವಿನ್ಯಾಸ ಮಾಡುತ್ತಿದ್ದರು. ಓಟ ಬಿಟ್ಟ ಮೇಲೆ ಇಂಡಿಯಾನಾ ಪೇಸರ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಉಡುಪನ್ನೂ ವಿನ್ಯಾಸ ಮಾಡಿದರು. ಅಷ್ಟೇ.

ಪ್ರಶ್ನೆ: ಸೋಲ್‌ನಲ್ಲಿ ಒಟ್ಟು ಎಷ್ಟು ಪದಕ?

ಉತ್ತರ: ಮೂರು ಚಿನ್ನ, ಒಂದು ಬೆಳ್ಳಿ. 100 ಮೀಟರ್ ಫೈನಲ್ 10.54, ಅಲ್ಲಿ ಗಾಳಿ 3.0 ಇದ್ದದ್ದರಿಂದ ಗೆಲುವು ಮಾತ್ರ. 200 ಮೀಟರ್ ಕೇಳಿ: ಹಳೆಯ ದಾಖಲೆ 21.71. ಸೆಪ್ಟೆಂಬರ್ 29ರಂದು ಸೆಮಿಫೈನಲ್‌ನಲ್ಲಿ 21.56 ಓಡಿ ಅದನ್ನು ಮುರಿದರು, ಅದೇ ದಿನ ಫೈನಲ್‌ನಲ್ಲಿ 21.34 ಓಡಿ ತಮ್ಮದನ್ನೇ ಮತ್ತೆ ಮುರಿದರು. ಎರಡನೇ ಸ್ಥಾನದ ಜಮೈಕಾದ ಗ್ರೇಸ್ ಜಾಕ್ಸನ್ 21.72, ಅದೂ ಹಳೆಯ ದಾಖಲೆಗೆ ಹತ್ತಿರವೇ, ಆದರೂ ಎಷ್ಟು ಹಿಂದೆ ಉಳಿದರು ನೋಡಿ. ಇಲ್ಲಿ ಗಾಳಿಯ ತಕರಾರೂ ಇಲ್ಲ.

ಆಮೇಲೆ ಎರಡು ರಿಲೇ, ಎರಡರ ಫೈನಲ್ಲೂ ಒಂದೇ ದಿನ. 4×100ರಲ್ಲಿ ಫ್ಲೋ-ಜೋ ಬ್ಯಾಟನ್ ಕೊಡಬೇಕಾದ್ದು ಯಾರಿಗೆ ಗೊತ್ತಾ? ತಾವು ದಾಖಲೆ ಕಿತ್ತುಕೊಂಡ ಎವೆಲಿನ್ ಆಶ್‌ಫರ್ಡ್‌ಗೆ! ಬ್ಯಾಟನ್ ಕೈ ಬದಲಾಗುವಾಗ ಎಡವಟ್ಟಾಯಿತು, ತಂಡ ಹಿಂದೆ ಬಿತ್ತು, ಆಶ್‌ಫರ್ಡ್ ಅಟ್ಟಿಸಿಕೊಂಡು ಹೋಗಿ ಚಿನ್ನ ತಂದರು. 4×400ರಲ್ಲಿ ಕೊನೆಯ ಸುತ್ತು ಫ್ಲೋ-ಜೋ ಅವರದ್ದು. ಅದು ಅವರ ನಿತ್ಯದ ದೂರವೇ ಅಲ್ಲ. ಸೋವಿಯತ್ ತಂಡ 3 ನಿಮಿಷ 15.17 ಸೆಕೆಂಡಿನಲ್ಲಿ ಗೆದ್ದಿತು, ಅಮೆರಿಕ 15.51. ಸೋವಿಯತ್ ತಂಡದ ಆ ಸಮಯ ಇವತ್ತಿಗೂ ವಿಶ್ವದಾಖಲೆ.

ಪ್ರಶ್ನೆ: ಅಷ್ಟು ಗಟ್ಟಿಮುಟ್ಟಾದವರು ಚಿಕ್ಕ ವಯಸ್ಸಿನಲ್ಲೇ ಸತ್ತದ್ದು ಹೇಗೆ?

ಉತ್ತರ: 1998ರ ಸೆಪ್ಟೆಂಬರ್ 21ರಂದು, ಕ್ಯಾಲಿಫೋರ್ನಿಯಾದ ಮನೆಯಲ್ಲಿ, ನಿದ್ದೆಯಲ್ಲೇ. ವಯಸ್ಸು 38. ಮಿದುಳಿನ ರಕ್ತನಾಳಗಳಲ್ಲಿ ಹುಟ್ಟಿನಿಂದಲೇ ಒಂದು ದೋಷ ಇತ್ತು, ಅದರಿಂದ ಫಿಟ್ಸ್ ಬಂದು, ಉಸಿರುಕಟ್ಟಿ ಪ್ರಾಣ ಹೋಯಿತು ಅಂತ ಮರಣೋತ್ತರ ಪರೀಕ್ಷೆ ಹೇಳಿತು. ಎರಡು ವರ್ಷ ಮುಂಚೆ ವಿಮಾನದಲ್ಲೂ ಒಮ್ಮೆ ಫಿಟ್ಸ್ ಬಂದಿತ್ತು. ಮಗಳಿಗೆ ಆಗ ಇನ್ನೂ ಏಳು ವರ್ಷ. ಈ ಸಾವನ್ನೂ ಮದ್ದಿನ ಗುಮಾನಿಗೆ ಪುರಾವೆ ಅಂತ ಎಳೆದು ತರುವವರಿದ್ದಾರೆ, ಅದು ಸರಿಯಲ್ಲ.

ಪ್ರಶ್ನೆ: ಕೊನೆಗೆ, ಯಾರು ಮುರಿಯಬಹುದು?

ಉತ್ತರ: ಇಲ್ಲಿಯವರೆಗೆ ಹತ್ತಿರ ಬಂದವರು ಜಮೈಕಾದವರು. ಇಲೇನ್ ಥಾಂಪ್ಸನ್ ಹೆರಾ 2021ರಲ್ಲಿ ಟೋಕಿಯೊದಲ್ಲಿ 10.61 ಓಡಿ ಫ್ಲೋ-ಜೋ ಅವರ ಒಲಿಂಪಿಕ್ ದಾಖಲೆ 10.62 ಅನ್ನು ಅಳಿಸಿದರು, ಅದೂ ಎದುರುಗಾಳಿಯಲ್ಲಿ. ಅದೇ ಆಗಸ್ಟ್‌ನಲ್ಲಿ ಯೂಜಿನ್‌ನಲ್ಲಿ 10.54. 200 ಮೀಟರ್‌ನಲ್ಲಿ ಶೆರಿಕಾ ಜಾಕ್ಸನ್ 2023ರಲ್ಲಿ ಬುಡಾಪೆಸ್ಟ್‌ನಲ್ಲಿ 21.41 ಓಡಿದರು. ಈಗಿನವರ ಶೂಗಳೂ ಬೇರೆ, ಕಾರ್ಬನ್ ತಗಡು, ಪುಟಿಯುವ ಫೋಮ್. 1988ರಲ್ಲಿ ಅದೆಲ್ಲ ಇರಲಿಲ್ಲ. ನನ್ನ ಅಂದಾಜು, ಮೊದಲು ಹೋಗುವುದು 21.34. ಉಳಿದಿರುವುದು 0.07 ಸೆಕೆಂಡ್ ಅಷ್ಟೇ, ಮತ್ತು ಅಲ್ಲಿ ಯಾರೂ ಗಾಳಿಯ ಜೊತೆ ಓಡಬೇಕಾಗಿಲ್ಲ.