ಕೈಗಾ ಪಕ್ಕದಲ್ಲಿದ್ದರೂ ಇಂಗಾಲದ ಲೆಕ್ಕ ತಪ್ಪದೇ?

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರವೂ ಕಾಳಿ ನದಿಯ ಜಲವಿದ್ಯುತ್ ಕೇಂದ್ರಗಳೂ ಇವೆ. ಹಾಗಿದ್ದ ಮೇಲೆ ಇಲ್ಲಿನ ಐಸ್ ಫ್ಯಾಕ್ಟರಿಗಳಿಂದಲೂ ಹಸಿರುಮನೆ ಅನಿಲ ಹೆಚ್ಚುತ್ತದೆ ಎನ್ನುವುದು ಸರಿಯೇ?
– ಓದುಗರೊಬ್ಬರು, ಕಾರವಾರ

ಉತ್ತರ: ಸರಿಯೇ. ಕೈಗಾ, ಕದ್ರಾ, ನಾಗಝರಿಗಳಲ್ಲಿ ವಿದ್ಯುತ್ತಿಗಾಗಿ ಕಲ್ಲಿದ್ದಲು ಸುಡುವುದಿಲ್ಲ, ನಿಜ. ಜಲಾಶಯದಲ್ಲಿ ಮುಳುಗಿದ ಗಿಡಮರಗಳು ಕೊಳೆತು ಮೀಥೇನ್ ಎಂಬ ಹಸಿರುಮನೆ ಅನಿಲ ಹೊಮ್ಮುವುದನ್ನು ಮಾತ್ರ ಮರೆಯಬಾರದು. ಆದರೆ ಈ ವಿದ್ಯುತ್ತು ಜಿಲ್ಲೆಗಷ್ಟೇ ಮೀಸಲಲ್ಲ. ಅದು ಊರೂರುಗಳನ್ನು ಬೆಸೆಯುವ ವಿದ್ಯುತ್ ಜಾಲವನ್ನು (ಗ್ರಿಡ್) ಸೇರಿ, ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲು ಸ್ಥಾವರಗಳ ವಿದ್ಯುತ್ತಿನೊಡನೆ ಒಂದಾಗಿ ಎಲ್ಲೆಡೆಗೆ ಹಂಚಿಕೆಯಾಗುತ್ತದೆ. ದೇಶದ ಸರಾಸರಿಯಂತೆ, ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇರುತ್ತದೆ.

ಐಸ್ ಫ್ಯಾಕ್ಟರಿಯ ಕೊಳವೆಗಳಲ್ಲಿ ಸಾಮಾನ್ಯವಾಗಿ ಹರಿಯುವ ಅಮೋನಿಯಾ ಹಸಿರುಮನೆ ಅನಿಲವಲ್ಲ. ಹಗಲಿರುಳು ಓಡುವ ಕಂಪ್ರೆಸರಿನ ವಿದ್ಯುತ್ ಬಳಕೆಯೇ ಅಲ್ಲಿನ ಮುಖ್ಯ ಬಾಬ್ತು. ಅದೇ ಬರ್ಫವನ್ನು ತುಂಬಿಕೊಂಡು ಕಡಲಿಗಿಳಿಯುವ ಟ್ರಾಲರ್ ಸುಡುವ ಪ್ರತಿ ಲೀಟರ್ ಡೀಸೆಲ್ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಒಂದು ಲೀಟರಿಗೆ ಇಷ್ಟು ತೂಕ ಹೇಗೆಂದರೆ, ಡೀಸೆಲ್‌ನಲ್ಲಿರುವ ಇಂಗಾಲವು ಉರಿಯುವಾಗ ಗಾಳಿಯ ಆಮ್ಲಜನಕವನ್ನು ಕೂಡಿಸಿಕೊಳ್ಳುತ್ತದೆ.

ಬಂದರಿನ ದಕ್ಕೆ ಕಟ್ಟಲು ಬಳಸುವ ಸಿಮೆಂಟಿನದು ಇನ್ನೂ ಕಠಿಣ ಪ್ರಶ್ನೆ. ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಕಾಯಿಸಿದಾಗ ಅದರೊಳಗಿನಿಂದಲೇ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಸಿಮೆಂಟ್ ತಯಾರಿಕೆಯ ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದರದೇ. ಆದ್ದರಿಂದ ಭಟ್ಟಿಯ ಇಂಧನವನ್ನು ಬದಲಿಸಿದರಷ್ಟೇ ಸಾಲದು, ಕಲ್ಲಿದ್ದಲು ಸ್ಥಾವರಗಳ ಹಾರುಬೂದಿಯಂಥ ವಸ್ತುಗಳನ್ನು ಬೆರೆಸಿ, ಸುಣ್ಣಕಲ್ಲನ್ನು ಸುಟ್ಟು ಪಡೆಯುವ ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರಿನ ಪ್ರಮಾಣವನ್ನೇ ತಗ್ಗಿಸಬೇಕಾಗುತ್ತದೆ.