ಇಪ್ಪತ್ತಾರು ಅಂಕಿಗಳ ಗುಣಲಬ್ಧ ಸರಿಯೇ?

ಪ್ರಶ್ನೆ: ಶಕುಂತಲಾ ದೇವಿಯವರು 1980ರಲ್ಲಿ 7,686,369,774,870 ಮತ್ತು 2,465,099,745,779 ಎಂಬ ಸಂಖ್ಯೆಗಳನ್ನು ಮನಸ್ಸಿನಲ್ಲಿಯೇ ಗುಣಿಸಿ 18,947,668,177,995,426,462,773,730 ಎಂದು ಉತ್ತರಿಸಿದರೆಂದು ಓದಿದ್ದೇನೆ. ಮೊಬೈಲಿನ ಕ್ಯಾಲ್ಕುಲೇಟರ್ ಮೊದಲ ಕೆಲವು ಅಂಕಿಗಳನ್ನಷ್ಟೇ ತೋರಿಸುತ್ತದೆ. ಪೂರ್ತಿ ಗುಣಿಸದೆ ಉತ್ತರವನ್ನು ಪರೀಕ್ಷಿಸಬಹುದೇ? ಈ ಸಂಖ್ಯೆಗೆ ವಿಶೇಷ ಗುಣಗಳಿವೆಯೇ?

ಉತ್ತರ: ಪರೀಕ್ಷಿಸಬಹುದು, ಕಾಗದದ ಒಂದು ಮಗ್ಗುಲು ಸಾಕು. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 28 ಸೆಕೆಂಡುಗಳಲ್ಲಿ ಕೊಟ್ಟ ಉತ್ತರವಿದು; ನಮಗೆ ಹತ್ತು ನಿಮಿಷ ಬೇಕಾದರೆ ನಾಚಿಕೆಪಡಬೇಕಾಗಿಲ್ಲ.

ಮೊದಲು ಒಂಬತ್ತರ ಪರೀಕ್ಷೆ. ಯಾವುದೇ ಸಂಖ್ಯೆಯನ್ನು 9ರಿಂದ ಭಾಗಿಸಿದಾಗ ಉಳಿಯುವ ಶೇಷವೂ ಅದರ ಅಂಕಿಗಳ ಮೊತ್ತವನ್ನು ಭಾಗಿಸಿದಾಗ ಉಳಿಯುವ ಶೇಷವೂ ಒಂದೇ. ಇಲ್ಲಿ ಮೊತ್ತಗಳು 78 ಮತ್ತು 74, ಶೇಷಗಳು 6 ಮತ್ತು 2. ಅವುಗಳ ಗುಣಲಬ್ಧವಾದ 12ರ ಶೇಷ 3. ಉತ್ತರದ ಅಂಕಿಗಳ ಮೊತ್ತ 138, ಅದರ ಶೇಷವೂ 3. ಆದರೆ ಅಂಕಿಗಳು ಹಿಂದುಮುಂದಾದರೆ ಮೊತ್ತ ಬದಲಾಗದಿರುವುದರಿಂದ, ಬರೆದುಕೊಳ್ಳುವಾಗ ಸಾಮಾನ್ಯವಾಗಿ ಆಗುವ ಆ ತಪ್ಪು ಈ ಪರೀಕ್ಷೆಗೆ ಕಾಣುವುದೇ ಇಲ್ಲ.

ನನಗೆ ಹೆಚ್ಚು ಮೆಚ್ಚುಗೆಯಾಗುವುದು 1001ರ ಪರೀಕ್ಷೆ. ಸಾವಿರವು 1001ಕ್ಕಿಂತ ಒಂದು ಕಡಿಮೆಯಾದ್ದರಿಂದ, ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳಾಗಿ ಬಿಡಿಸಿ ಒಂದನ್ನು ಕೂಡಿಸಿ ಮುಂದಿನದನ್ನು ಕಳೆಯುತ್ತಾ ಹೋದರೆ, 1001ರ ಮಟ್ಟಿಗೆ ಶೇಷ ಬದಲಾಗುವುದಿಲ್ಲ. ಮೊದಲ ಸಂಖ್ಯೆ 870−774+369−686+7, ಅಂದರೆ −214 ಆಗುತ್ತದೆ, ಎರಡನೆಯದು −330. ಇವೆರಡನ್ನು ಗುಣಿಸಿದರೆ 70,620; ಅದಕ್ಕೂ ಇದೇ ಕ್ರಮ ಅನ್ವಯಿಸಿದರೆ 620−70=550. ಇನ್ನು ಉತ್ತರವನ್ನು ಬಿಡಿಸಿ: 730−773+462−426+995−177+668−947+18. ಇದೂ ಸರಿಯಾಗಿ 550!

ಆದರೂ ಇದು ಪೂರ್ಣ ಪುರಾವೆಯಲ್ಲ. ಉತ್ತರದಲ್ಲಿ 462 ಮತ್ತು 995ನ್ನು ಅದಲುಬದಲು ಮಾಡಿದರೂ ಎರಡೂ ಪರೀಕ್ಷೆಗಳು ಒಪ್ಪುತ್ತವೆ, ಏಕೆಂದರೆ ಎರಡೂ ಗುಂಪುಗಳು ಕೂಡಿಸುವ ಸ್ಥಾನದಲ್ಲಿಯೇ ಇವೆ. ಪರೀಕ್ಷೆಯು ತಪ್ಪನ್ನು ತೋರಿಸಬಲ್ಲದು. ಸರಿ ಎಂದು ಖಚಿತವಾಗಿ ಹೇಳಲು ಪೂರ್ತಿ ಗುಣಾಕಾರವೇ ಬೇಕು.

ಎರಡನೆಯ ಪ್ರಶ್ನೆಗೆ ಬಂದರೆ, ಕಾಲೇಜಿನ ಕಂಪ್ಯೂಟರ್ ವಿಭಾಗದವರು ಯಾದೃಚ್ಛಿಕವಾಗಿ ಆರಿಸಿದ ಸಂಖ್ಯೆಗಳಾದ್ದರಿಂದ ಗುಣಲಬ್ಧದಲ್ಲಿ ಅಪೂರ್ವವಾದ ಗುಣವನ್ನು ಹುಡುಕಬೇಕಾಗಿಲ್ಲ. ಕೊನೆಯಲ್ಲಿ ಒಂದೇ ಸೊನ್ನೆಯಿರುವುದರಿಂದ ಇದು ವರ್ಗಸಂಖ್ಯೆಯಲ್ಲ. 2, 3, 5 ಮತ್ತು 11 ಇದನ್ನು ನಿಶ್ಶೇಷವಾಗಿ ಭಾಗಿಸುತ್ತವೆ; 7 ಮತ್ತು 13 ಭಾಗಿಸುವುದಿಲ್ಲ. ಮೊದಲ ಮೂರು ಅಪವರ್ತನಗಳು ಬಂದದ್ದು ಮೊದಲ ಸಂಖ್ಯೆಯಿಂದ, 11 ಬಂದದ್ದು ಎರಡನೆಯದರಿಂದ. ಹೀಗಾಗಿ ಮೊದಲ ಸಂಖ್ಯೆಯನ್ನು ಹೇಗೆ ತಪ್ಪಾಗಿ ಬರೆದುಕೊಂಡಿದ್ದರೂ ಗುಣಲಬ್ಧವು 11ರಿಂದ ಭಾಗವಾಗಿಯೇ ತೀರುತ್ತಿತ್ತು. ಕೇವಲ 11ರ ಪರೀಕ್ಷೆ ಮಾಡಿದ್ದರೆ ಆ ತಪ್ಪು ಸಿಕ್ಕಿಬೀಳುತ್ತಿರಲಿಲ್ಲ.